ಸಿನಿಮಾ ಬಿಟ್ಟು ಕರಿ ಕೋಟು ಹಾಕಿದ್ರೆ: ನಟಿ ಲಾಯರ್ ಆಗೋ ಸುದ್ದೀಲಿ ಯಾರೂ ಬಿಡಿಸಿ ಹೇಳದ ಭಾಗ

ಆಗಾಗ ಇಂಥದ್ದೊಂದು ಸುದ್ದಿ ಬರ್ತಾನೇ ಇರತ್ತೆ. ಮೊನ್ನೆ ಮೊನ್ನೆವರೆಗೂ ತೆರೆ ಮೇಲೆ ಕಾಣ್ತಿದ್ದ ನಟಿ ಇನ್ನು ಸಿನಿಮಾ ಸಾಕು ಅಂತ ಲಾ ಕಾಲೇಜಿಗೆ ಸೇರಿದ್ರು, ಇಲ್ಲಾ ಎಲ್‌ಎಲ್‌ಬಿ ಮುಗಿಸಿದ್ರು, ಇಲ್ಲಾ ಬಿಳಿ ಬ್ಯಾಂಡು ಕರಿ ಕೋಟು ಹಾಕ್ಕೊಂಡು ಫೋಟೋ ಬಿಟ್ರು. ಮೂರೂ ಬೇರೆ ಬೇರೆ ಸಂಗತಿ, ಹೆಡ್‌ಲೈನ್ ಮಾತ್ರ ಮೂರಕ್ಕೂ ಒಂದೇ: "ಲಾಯರ್ ಆದ ನಟಿ". ಓದೋರಿಗೆ ಗೊಂದಲ ಆಗೋದು ಸಹಜ. ಈಗ ಅವ್ರು ಕೋರ್ಟಲ್ಲಿ ನಿಂತು ವಾದ ಮಾಡಬಹುದಾ, ಮಧ್ಯೆ ಒಳ್ಳೆ ಪಾತ್ರ ಬಂದ್ರೆ ಮತ್ತೆ ಬಣ್ಣ ಹಚ್ಚಬಹುದಾ, ಅಷ್ಟು ಹೆಸರಿದೆಯಲ್ಲ ಕೇಸುಗಳು ತಾನಾಗೇ ಬರಲ್ವಾ, ಮುಂದೆ ಜಡ್ಜ್ ಆಗ್ತಾರಾ?

ಒಂದೊಂದಕ್ಕೂ ಉತ್ತರ ಬೇರೆ. ಮೊದಲೇ ಹೇಳಿಬಿಡೋದು ಒಳ್ಳೇದು: ನಮ್ಮ ದೇಶದಲ್ಲಿ ನಟಿ ಕಾನೂನು ಓದೋಕಾಗ್ಲಿ ಸನ್ನದು, ಅಂದ್ರೆ ವಕೀಲಿ ಮಾಡೋ ಪರವಾನಗಿ, ತಗೊಳ್ಳೋಕಾಗ್ಲಿ ದೊಡ್ಡ ಅಡ್ಡಿ ಏನೂ ಇಲ್ಲ. ಕಷ್ಟ ಶುರುವಾಗೋದು ಆಮೇಲೆ, ಯಾಕಂದ್ರೆ ಸಿನಿಮಾದಲ್ಲಿ ಅಷ್ಟು ವರ್ಷ ಕೂಡಿಟ್ಟ ಆಸ್ತಿ ಅಂದ್ರೆ ಹೆಸರು ಮತ್ತು ಮುಖ, ವಕೀಲಿ ವೃತ್ತಿಯಲ್ಲಿ ಆ ಆಸ್ತಿಯನ್ನ ಖರ್ಚು ಮಾಡೋಕೆ ನಿಯಮ ಬಿಡಲ್ಲ. ಈ ಮಾತು ಹೆಡ್‌ಲೈನಲ್ಲಿ ಬರೋದೇ ಇಲ್ಲ.

ಡಿಗ್ರಿ ಬೇರೆ, ಸನ್ನದು ಬೇರೆ, ಪ್ರಾಕ್ಟೀಸು ಬೇರೆ

ಎಲ್‌ಎಲ್‌ಬಿ ಪಾಸಾದ ತಕ್ಷಣ ಯಾರೂ ಅಡ್ವೊಕೇಟ್ ಆಗಲ್ಲ. ಆಗ ಅವ್ರು ಕಾನೂನು ಪದವೀಧರರು, ಅಷ್ಟೇ. ನಮ್ಮ ಮಾಳವಿಕಾ ಅವಿನಾಶ್ ಕೂಡ ಕಾನೂನು ಓದಿದೋರೇ, ಆದ್ರೆ ಜನ ಅವ್ರನ್ನ ಗುರುತಿಸೋದು ನಟನೆಯಿಂದ, ಟಿವಿಯಿಂದ, ರಾಜಕೀಯದಿಂದ. ಓದಿದೋರೆಲ್ಲ ಕೋರ್ಟಿಗೆ ಹೋಗ್ಲೇಬೇಕು ಅಂತ ಎಲ್ಲೂ ಇಲ್ಲ.

ಕೋರ್ಟಿಗೆ ಹೋಗ್ಬೇಕು ಅಂದ್ರೆ 1961ರ ವಕೀಲರ ಕಾಯ್ದೆ ಪ್ರಕಾರ ರಾಜ್ಯದ ಬಾರ್ ಕೌನ್ಸಿಲಲ್ಲಿ, ಅಂದ್ರೆ ನಮ್ಮಲ್ಲಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಲ್ಲಿ, ಹೆಸರು ನೋಂದಾಯಿಸ್ಬೇಕು. ಅದರ 24ನೇ ಸೆಕ್ಷನ್ ಕೇಳೋದು ಮುಖ್ಯವಾಗಿ ಭಾರತದ ಪೌರತ್ವ, 21 ವರ್ಷ ವಯಸ್ಸು, ಮಾನ್ಯತೆ ಇರೋ ಕಾನೂನು ಪದವಿ. ಮೊದಲು ಈ ನೋಂದಣಿ ಶುಲ್ಕಕ್ಕೆ ರಾಜ್ಯಕ್ಕೊಂದು ರೇಟು ಇತ್ತು, ಒಡಿಶಾದಲ್ಲಿ 40 ಸಾವಿರ ದಾಟಿತ್ತು, 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಕಾಯ್ದೆಯಲ್ಲಿ ಬರೆದಿರೋ 750 ರೂಪಾಯಿಗಿಂತ, ಪರಿಶಿಷ್ಟ ಜಾತಿ ಪಂಗಡದೋರಿಗೆ 125 ರೂಪಾಯಿಗಿಂತ, ಹೆಚ್ಚು ತಗೊಳ್ಳೋ ಹಂಗಿಲ್ಲ ಅಂತ ಹೇಳ್ತು. ಸ್ಟಾರ್ ನಟಿಗೆ ಇದು ದೊಡ್ಡ ವಿಷಯ ಅಲ್ಲ ಅನ್ನಿ, ಅವ್ರ ಪಕ್ಕ ಕ್ಯೂನಲ್ಲಿ ನಿಂತಿರೋ ಹುಡುಗಿಗೆ ದೊಡ್ಡ ವಿಷಯ.

ನೋಂದಣಿ ಆದ್ಮೇಲೆ ಇನ್ನೊಂದು ಗೇಟು, ಎಐಬಿಇ ಅನ್ನೋ ಅಖಿಲ ಭಾರತ ಪರೀಕ್ಷೆ. ನೂರು ಬಹುಆಯ್ಕೆ ಪ್ರಶ್ನೆ, ಸಾಮಾನ್ಯ ವರ್ಗಕ್ಕೆ 45 ಅಂಕ ಬಂದ್ರೆ ಪಾಸು, ಟಿಪ್ಪಣಿ ಇಲ್ಲದ ಬೇರ್ ಆಕ್ಟ್, ಅಂದ್ರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರೋ ಪುಸ್ತಕ, ಒಳಗೆ ತಗೊಂಡು ಹೋಗ್ಬಹುದು. ಈ ಪರೀಕ್ಷೆ ನಡೆಸೋ ಅಧಿಕಾರವೇ ಬಾರ್ ಕೌನ್ಸಿಲ್ ಆಫ್ ಇಂಡಿಯಾಗೆ ಇದೆಯಾ ಅನ್ನೋ ಜಗಳ ವರ್ಷಗಟ್ಟಲೆ ನಡೀತು, 2023ರ ಫೆಬ್ರವರಿಲಿ ಐವರು ನ್ಯಾಯಮೂರ್ತಿಗಳ ಪೀಠ ಇದೆ ಅಂತ ತೀರ್ಪು ಕೊಟ್ಟು ಮುಗಿಸ್ತು.

ಇಲ್ಲಿ ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಕಥೆಯನ್ನ ತಂದು ಸೇರಿಸೋದು ಗೊಂದಲಕ್ಕೆ ಇನ್ನೊಂದು ಕಾರಣ. ಆಕೆ ಲಾ ಕಾಲೇಜಿಗೇ ಹೋಗದೆ ಲಾಯರುಗಳ ಕೈಕೆಳಗೆ ಕಲಿತು ಪರೀಕ್ಷೆ ಬರೆದಿದ್ದು, ಕ್ಯಾಲಿಫೋರ್ನಿಯಾದಲ್ಲಿ ಆ ದಾರಿ ಇದೆ. ಮೊದಲ ಹಂತದ ಪರೀಕ್ಷೆ ನಾಲ್ಕನೇ ಸಲಕ್ಕೆ 2021ರಲ್ಲಿ ಪಾಸಾಯ್ತು, ಮುಖ್ಯ ಬಾರ್ ಪರೀಕ್ಷೆ ಪಾಸಾಗಲಿಲ್ಲ ಅಂತ 2025ರ ನವೆಂಬರಲ್ಲಿ ಆಕೆಯೇ ಹೇಳ್ಕೊಂಡ್ರು. ಭಾರತದಲ್ಲಿ ಆ ದಾರಿನೇ ಇಲ್ಲ, ಕಾಲೇಜು ಮೆಟ್ಟಿಲು ಹತ್ತದೆ ಇಲ್ಲಿ ಯಾರೂ ವಕೀಲರಾಗೋಕೆ ಆಗಲ್ಲ.

ಮೂವತ್ತು ದಾಟಿದ್ರೆ ಓದಬಹುದಾ

ಓದಬಹುದು. 2016ರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಮೂರು ವರ್ಷದ ಎಲ್‌ಎಲ್‌ಬಿಗೆ 30 ವರ್ಷದ ಮಿತಿಯನ್ನ ಮತ್ತೆ ತಂದಿತ್ತು, 2017ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡ್ತು. ಅಲ್ಲಿಂದ ಎರಡನೇ ವೃತ್ತಿ ಹುಡ್ಕೋರಿಗೆ, ಅಂದ್ರೆ ರಿಟೈರ್ಡ್ ಪೊಲೀಸರಿಂದ ಹಿಡಿದು ಬ್ಯಾಂಕಿನೋರ ತನಕ, ಈ ಬಾಗಿಲು ತೆರೆದೇ ಇದೆ.

ನಟಿಯರಿಗೆ ವಯಸ್ಸಿಗಿಂತ ಹೆಚ್ಚು ತಲೆನೋವು ಕೊಡೋದು ಹಳೇ ಮಾರ್ಕ್ಸ್ ಕಾರ್ಡು. ನಾಯಕಿಯಾಗಿ ಬರೋರಲ್ಲಿ ತುಂಬಾ ಜನ ಹದಿನೇಳು ಹದಿನೆಂಟಕ್ಕೇ ಬಂದಿರ್ತಾರೆ, ಪಿಯುಸಿ ಅರ್ಧಕ್ಕೆ ನಿಂತಿರತ್ತೆ, ಡಿಗ್ರಿಯನ್ನ ಶೂಟಿಂಗ್ ಮಧ್ಯೆ ದೂರಶಿಕ್ಷಣದಲ್ಲಿ ಮುಗಿಸಿರ್ತಾರೆ. 2008ರ ಕಾನೂನು ಶಿಕ್ಷಣ ನಿಯಮಗಳು ದೂರಶಿಕ್ಷಣದ ಡಿಗ್ರಿಯನ್ನ ಒಪ್ಪುತ್ತೆ, ಆದ್ರೆ ಪಿಯುಸಿನೇ ಮಾಡದೆ ಓಪನ್ ಯೂನಿವರ್ಸಿಟಿಲಿ ನೇರವಾಗಿ ಡಿಗ್ರಿ ತಗೊಂಡಿದ್ರೆ ಒಪ್ಪಲ್ಲ. ಜೊತೆಗೆ ಡಿಗ್ರಿಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45 ಅಂಕ ಇರ್ಬೇಕು. ಹಾಗಾಗಿ ಇಪ್ಪತ್ತನೇ ವಯಸ್ಸಲ್ಲಿ ಹೇಗೋ ಒಂದು ಡಿಗ್ರಿ ಇರ್ಲಿ ಅಂತ ಮಾಡ್ಕೊಂಡಿದ್ದು ಮೂವತ್ತೈದರಲ್ಲಿ ಬಂದು ಅಡ್ಡ ನಿಲ್ಲಬಹುದು.

ಇನ್ನು ಹಾಜರಿ. ಎಲ್‌ಎಲ್‌ಬಿಯನ್ನೇ ಮನೇಲಿ ಕೂತು ದೂರಶಿಕ್ಷಣದಲ್ಲಿ ಮಾಡೋಕಾಗಲ್ಲ, ಮಾಡಿದ್ರೂ ಸನ್ನದು ಸಿಗಲ್ಲ. ನಿಯಮದ ಪ್ರಕಾರ ಶೇ. 70 ಹಾಜರಿ. 2024ರ ಸೆಪ್ಟೆಂಬರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಕಾಲೇಜುಗಳಿಗೆ ಇನ್ನೂ ಬಿಗಿ ಸುತ್ತೋಲೆ ಕಳಿಸ್ತು: ಬಯೋಮೆಟ್ರಿಕ್ ಹಾಜರಿ, ಕ್ಲಾಸಲ್ಲಿ ಸಿಸಿ ಕ್ಯಾಮೆರಾ, ಓದೋವಾಗ ಬೇರೆ ಕೆಲಸದಲ್ಲಿದ್ರೆ ಅದನ್ನ ಹೇಳ್ಬೇಕು, ಕೆಲಸ ಕೊಟ್ಟೋರ ಒಪ್ಪಿಗೆ ಪತ್ರ ತರ್ಬೇಕು. ಈಗ ನೋಡಿ, ಸಿನಿಮಾ ನಟಿಗೆ ಕೆಲಸ ಕೊಟ್ಟೋರು ಯಾರು? ಒಂದು ಸಿನಿಮಾಗೆ ಒಬ್ಬ ನಿರ್ಮಾಪಕ, ಸಿನಿಮಾ ಮುಗಿದ್ರೆ ಸಂಬಂಧ ಮುಗೀತು. ಯಾರ ಹತ್ರ ಪತ್ರ ತರೋದು? ಮಾಸಿಕ ಸಂಬಳದ ಲೋಕವನ್ನ ಮನಸ್ಸಲ್ಲಿ ಇಟ್ಕೊಂಡು ಬರೆದ ನಿಯಮಕ್ಕೆ ಕಾಲ್‌ಶೀಟ್ ಲೋಕ ಅರ್ಥ ಆಗಲ್ಲ. ಇದೇ ತಾಪತ್ರಯ ಮುಂದೆ ಇನ್ನೂ ದೊಡ್ಡದಾಗತ್ತೆ.

ಎರಡು ದೋಣಿ ಮೇಲೆ ಕಾಲು

ಸನ್ನದು ಸಿಕ್ಕಿದ ಮೇಲೆ ನಟಿಸಬಹುದಾ ಅನ್ನೋದೇ ಅತಿ ಹೆಚ್ಚು ಗೊಂದಲದ ಪ್ರಶ್ನೆ, ಮತ್ತೆ ಇದಕ್ಕೆ ನೇರ ಉತ್ತರ ಯಾವ ನಿಯಮದಲ್ಲೂ ಇಲ್ಲ. "ನಟನೆ" ಅನ್ನೋ ಪದ ಬಾರ್ ಕೌನ್ಸಿಲ್ ನಿಯಮಗಳ ಈ ಭಾಗದಲ್ಲಿ ಬರೋದೇ ಇಲ್ಲ. ಇರೋದು 47ರಿಂದ 52ರ ತನಕ ಆರು ನಿಯಮ, ಅವನ್ನ ಓದಿ ನಟನೆ ಎಲ್ಲಿ ಕೂರತ್ತೆ ಅಂತ ನಾವೇ ಊಹಿಸ್ಬೇಕು.

47ನೇ ನಿಯಮ: ವಕೀಲರು ಸ್ವತಃ ವ್ಯಾಪಾರ ವ್ಯವಹಾರ ನಡೆಸೋ ಹಂಗಿಲ್ಲ, ಬೇಕಾದ್ರೆ ದುಡ್ಡು ಹಾಕಿ ದೂರ ಕೂರೋ ಪಾಲುದಾರರಾಗಿರ್ಬಹುದು, ಅದೂ ಆ ವ್ಯವಹಾರ ವೃತ್ತಿಯ ಘನತೆಗೆ ಕುಂದು ಅಲ್ಲ ಅಂತ ರಾಜ್ಯದ ಪರಿಷತ್ತಿಗೆ ಅನ್ನಿಸಿದ್ರೆ. ಇದು ನಟಿಗೆ ಯಾಕೆ ಮುಖ್ಯ? ಈಗ ತುಂಬಾ ನಟಿಯರಿಗೆ ಸ್ವಂತ ಪ್ರೊಡಕ್ಷನ್ ಹೌಸ್ ಇದೆ. ನಟಿಸೋದು ಸರಿಯೋ ತಪ್ಪೋ ಆಮೇಲೆ ನೋಡೋಣ, ಬ್ಯಾನರ್ ಇಟ್ಕೊಂಡು ದಿನಾ ಬಜೆಟ್ಟು, ವಿತರಣೆ, ಒಟಿಟಿ ಮಾರಾಟ ಅಂತ ಓಡಾಡಿದ್ರೆ ಅದು ಕಣ್ಣಿಗೆ ಕಾಣೋ ವ್ಯಾಪಾರ. 48ರ ಪ್ರಕಾರ ಕಂಪನಿಲಿ ಡೈರೆಕ್ಟರ್ ಆಗಿರ್ಬಹುದು, ಮ್ಯಾನೇಜಿಂಗ್ ಡೈರೆಕ್ಟರ್ ಆಗೋ ಹಂಗಿಲ್ಲ.

49ನೇ ನಿಯಮ: ಪೂರ್ಣಾವಧಿ ಸಂಬಳದ ಕೆಲಸ ಮಾಡೋ ಹಂಗಿಲ್ಲ, ಸೇರಿದ್ರೆ ತಿಳಿಸಿ ಪ್ರಾಕ್ಟೀಸ್ ನಿಲ್ಲಿಸ್ಬೇಕು. ಸಿನಿಮಾ ನಟಿ ಯಾರ ಸಂಬಳದ ಉದ್ಯೋಗಿನೂ ಅಲ್ಲ, ಹಾಗಾಗಿ ಅಕ್ಷರಶಃ ನೋಡಿದ್ರೆ ಇದು ಅನ್ವಯಿಸಲ್ಲ. ಸೀರಿಯಲ್ ನಟಿ ವಿಷಯ ಸ್ವಲ್ಪ ಬೇರೆ, ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಒಂದೇ ಸೆಟ್ಟಲ್ಲಿ ವರ್ಷಗಟ್ಟಲೆ ಇದ್ದು ದಿನದ ಲೆಕ್ಕದಲ್ಲಿ ದುಡ್ಡು ತಗೊಂಡ್ರೆ ಅದನ್ನ ಪೂರ್ಣಾವಧಿ ಅನ್ನಬಾರದು ಅಂತ ವಾದಿಸೋದು ಕಷ್ಟ ಇದೆ.

51ನೇ ನಿಯಮ, ಜಾಹೀರಾತು ಮತ್ತು ಪೂರ್ಣಾವಧಿ ಕೆಲಸದ ಮೇಲಿನ ನಿಷೇಧ ಮೀರದಿದ್ರೆ, ಕೆಲವು ಕೆಲಸಗಳಿಗೆ ಅವಕಾಶ ಕೊಡತ್ತೆ: ಪ್ರಸಾರ, ಪತ್ರಿಕೋದ್ಯಮ, ಉಪನ್ಯಾಸ, ಪಾಠ, ಅದೂ ಕಾನೂನೇ ಆಗ್ಬೇಕು ಅಂತಿಲ್ಲ. ಪ್ರಸಾರ ಅಂದಾಗ ನಿಯಮ ಬರೆದೋರ ಮನಸ್ಸಲ್ಲಿ ರೇಡಿಯೋ ಭಾಷಣ ಇತ್ತೇನೋ, ಈಗ ಅದರಡಿ ಟಿವಿ ನಿರೂಪಣೆ ಬರತ್ತಾ, ರಿಯಾಲಿಟಿ ಶೋ ಜಡ್ಜ್ ಕುರ್ಚಿ ಬರತ್ತಾ? ಕೊನೇದಾಗಿ 52, ಘನತೆಗೆ ಧಕ್ಕೆ ಇಲ್ಲದ ಅರೆಕಾಲಿಕ ಕೆಲಸವನ್ನ ರಾಜ್ಯ ಪರಿಷತ್ತಿನ ಒಪ್ಪಿಗೆ ತಗೊಂಡು ಮಾಡಬಹುದು. ವರ್ಷಕ್ಕೊಂದು ಸಿನಿಮಾ ಮಾಡ್ತೀನಿ ಅನ್ನೋ ನಟಿಗೆ ಸುರಕ್ಷಿತ ದಾರಿ ಅಂದ್ರೆ ಇದೇ, ಅರ್ಜಿ ಹಾಕಿ ಬರಹದಲ್ಲಿ ಒಪ್ಪಿಗೆ ತಗೊಳ್ಳೋದು. ಇಲ್ಲಾಂದ್ರೆ ಶೂಟಿಂಗ್ ಇರೋ ಅವಧಿಗೆ ಸನ್ನದನ್ನ ತಾನೇ ಸಸ್ಪೆಂಡ್ ಮಾಡ್ಸಿ ಆಮೇಲೆ ವಾಪಸ್ ತಗೊಳ್ಳೋದು.

ಬಾರ್ ಒಳಗೇ ಎರಡು ಮಾತು

ಒಂದು ಕಡೆಯೋರ ವಾದ ಹಳೇದು, ಗಟ್ಟಿದೂ ಹೌದು. ವಕೀಲಿ ಅರೆಮನಸ್ಸಿಂದ ಮಾಡೋ ಕೆಲಸ ಅಲ್ಲ, ಕಕ್ಷಿದಾರನ ಆಸ್ತಿ, ಜೈಲು, ಮಕ್ಕಳ ಕಸ್ಟಡಿ ಎಲ್ಲ ಇದರ ಮೇಲೆ ನಿಂತಿರತ್ತೆ. 1996ರಲ್ಲಿ ಡಾ. ಹನಿರಾಜ್ ಚುಲಾನಿ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡೀತು, ವೈದ್ಯ ವೃತ್ತಿ ಬಿಡದೆ ಸನ್ನದು ಕೇಳಿದ್ದ ಡಾಕ್ಟರಿಗೆ ಮಹಾರಾಷ್ಟ್ರ ಮತ್ತು ಗೋವಾ ಬಾರ್ ಕೌನ್ಸಿಲ್ ಕೊಡಲ್ಲ ಅಂದಿದ್ದು ಸರಿ ಅಂತ. ಡಾಕ್ಟರಿಗೇ ಇಲ್ಲ ಅಂದ್ಮೇಲೆ ನಟಿಗೆ ಯಾಕೆ ಅನ್ನೋದು ಇವ್ರ ಪ್ರಶ್ನೆ. 2024ರಲ್ಲಿ ಉತ್ತರ ಪ್ರದೇಶದ ಒಬ್ಬ ವಕೀಲರು ಪತ್ರಕರ್ತರೂ ಆಗಿದ್ದಿದ್ದು ಸುಪ್ರೀಂ ಕೋರ್ಟ್ ಗಮನಕ್ಕೆ ಬಂದಾಗ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಎರಡೂ ಪೂರ್ಣಾವಧಿಯಾಗಿ ಒಟ್ಟಿಗೆ ನಡೆಯಲ್ಲ ಅಂತ ಹೇಳ್ತು, ಕೊನೆಗೆ ಅವ್ರು ಪತ್ರಿಕೋದ್ಯಮ ಬಿಡ್ತೀನಿ ಅಂತ ಒಪ್ಪಿಕೊಂಡ್ರು. ಪತ್ರಿಕೋದ್ಯಮ 51ರಲ್ಲಿ ಹೆಸರು ಸಮೇತ ಇದ್ದೂ ಹೀಗಾಯ್ತು ಅನ್ನೋದು ಗಮನಿಸ್ಬೇಕಾದ ವಿಷಯ.

ಇನ್ನೊಂದು ಕಡೆಯೋರು ಕೇಳೋದು, ಹಾಗಾದ್ರೆ ಎಂಪಿ ಎಮ್ಮೆಲ್ಲೆಗಳು? 2018ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟ್ ಜನಪ್ರತಿನಿಧಿಗಳು ವಕೀಲಿ ಮಾಡಬಹುದು ಅಂತ ಹೇಳ್ತು, ಕಾರಣ ಅವ್ರು 49ನೇ ನಿಯಮದ ಅರ್ಥದಲ್ಲಿ ಪೂರ್ಣಾವಧಿ ಸಂಬಳದ ಉದ್ಯೋಗಿಗಳಲ್ಲ. ಸಂಸತ್ತಲ್ಲಿ ಕೂರೋದು ಅರೆಕಾಲಿಕ ಕೆಲಸ ಅಂತಾದ್ರೆ ವರ್ಷಕ್ಕೆ ನಲವತ್ತು ದಿನ ಶೂಟಿಂಗ್ ಮಾಡೋದು ಹೇಗೆ ಪೂರ್ಣಾವಧಿ ಆಗತ್ತೆ? ಪಕ್ಕದ ಕೇರಳದಲ್ಲಿ ಶಾಂತಿ ಮಾಯಾದೇವಿ ಹೈಕೋರ್ಟಲ್ಲಿ ಪ್ರಾಕ್ಟೀಸ್ ಮಾಡ್ತಾನೇ ಮಲಯಾಳಂ ಸಿನಿಮಾಗಳಲ್ಲಿ ವಕೀಲೆ ಪಾತ್ರ ಮಾಡಿದಾರೆ, ಚಿತ್ರಕಥೆಗೂ ಕೈ ಹಾಕಿದಾರೆ. ಮಮ್ಮುಟ್ಟಿ ಮಂಜೇರಿಲಿ ಒಂದೆರಡು ವರ್ಷ ವಕೀಲಿ ಮಾಡಿ ಆಮೇಲೆ ಸಿನಿಮಾಗೆ ಪೂರ್ತಿ ಹೋದ್ರು. ಬಾರ್‌ನಿಂದ ಸಿನಿಮಾ ಕಡೆ ಹೋಗೋದು ನಮ್ಮೋರಿಗೆ ಹೊಸದಲ್ಲ, ಉಲ್ಟಾ ದಿಕ್ಕಲ್ಲಿ ಬಂದಾಗ ಮಾತ್ರ ಹುಬ್ಬು ಏರತ್ತೆ.

ನನಗೆ ಕಾಣೋ ಹಾಗೆ ಇಲ್ಲಿ ಎರಡು ಬೇರೆ ಬೇರೆ ತಕರಾರುಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದು ಟೈಮಿನದ್ದು, ಇನ್ನೊಂದು ಘನತೇದು. ಟೈಮಿನ ತಕರಾರು ನ್ಯಾಯವಾದದ್ದು, ಅಳೆಯೋಕೂ ಆಗತ್ತೆ. ಘನತೆ ಅನ್ನೋದು ಆ ಪರಿಷತ್ತಲ್ಲಿ ಕೂತಿರೋರ ಅಭಿಪ್ರಾಯದ ಮೇಲೆ ನಿಂತಿರೋದು, ಮತ್ತೆ ಹೆಣ್ಣುಮಕ್ಕಳು ಸಿನಿಮಾ ಮಾಡೋದನ್ನ ಘನತೆಯ ಕೆಲಸ ಅಂತ ನಮ್ಮ ಸಮಾಜ ಯಾವತ್ತು ಮನಸಾರೆ ಒಪ್ಪಿದೆ? ದೇಶದ ವಕೀಲರಲ್ಲಿ ಹೆಣ್ಣುಮಕ್ಕಳು ಶೇ. 15ರ ಆಸುಪಾಸು ಅಷ್ಟೇ. ಬೆಂಗಳೂರು ವಕೀಲರ ಸಂಘದಲ್ಲಿ ಖಜಾಂಚಿ ಹುದ್ದೆಯನ್ನ ಮಹಿಳೆಗೆ ಮೀಸಲಿಡೋಕೂ 2025ರ ಜನವರಿಲಿ ಸುಪ್ರೀಂ ಕೋರ್ಟೇ ಹೇಳಬೇಕಾಯ್ತು. ಅಂಥ ಕಡೆ ನಟಿಯ ಅರ್ಜಿ ಬಂದ್ರೆ ಘನತೆ ಪದ ಯಾವ ಕಡೆ ವಾಲತ್ತೆ ಅಂತ ಹೇಳೋಕೆ ಜ್ಯೋತಿಷ್ಯ ಬೇಕಿಲ್ಲ.

ನಡುವೆ ಒಂದು ರಾಜಿ ದಾರಿ ಹೊಳೆದಿದೆ. 2022ರಲ್ಲಿ ಕೆಲಸ ಬಿಡದೆ ನೋಂದಣಿ ಕೇಳಿದ್ದ ಗುಜರಾತಿನ ಒಬ್ಬ ಉದ್ಯೋಗಸ್ಥೆಯ ಕೇಸು ಸುಪ್ರೀಂ ಕೋರ್ಟಲ್ಲಿ ಇದ್ದಾಗ ಬಂದ ಸಲಹೆ: ಬೇರೆ ಕೆಲಸದಲ್ಲಿರೋರು ಮೊದಲು ಎಐಬಿಇ ಬರೀಲಿ, ಪಾಸಾದ್ರೆ ಆರು ತಿಂಗಳೊಳಗೆ ಆ ಕೆಲಸ ಬಿಡೋದಾ ಇಲ್ವಾ ತೀರ್ಮಾನಿಸ್ಲಿ. ಮೊದಲು ಹಳೇ ವೃತ್ತಿಯ ಸೇತುವೆ ಸುಟ್ಟು ಬಾ ಅನ್ನೋದಕ್ಕಿಂತ ಇದು ಎಷ್ಟೋ ವಾಸಿ.

ಕಾಲ್‌ಶೀಟ್ ಮತ್ತು ಕಾಸ್ ಲಿಸ್ಟ್

ನಿಯಮ ಒಪ್ಪಿದ್ರೂ ದಿನದ ಬದುಕು ಒಪ್ಪಬೇಕಲ್ಲ. ಶೂಟಿಂಗಿನ ದಿನಾಂಕ ನಟಿ ಕೈಲಿ ಇರಲ್ಲ, ಮಳೆ ಬಂತು ಲೊಕೇಶನ್ ಸಿಗಲಿಲ್ಲ ನಾಯಕನ ಡೇಟು ಬದಲಾಯ್ತು ಅಂದ್ರೆ ಎಲ್ಲ ಉರುಳಾಡತ್ತೆ. ಹೈಕೋರ್ಟ್ ಕಾಸ್ ಲಿಸ್ಟ್, ಅಂದ್ರೆ ಆ ದಿನ ವಿಚಾರಣೆಗೆ ಬರೋ ಕೇಸುಗಳ ಪಟ್ಟಿ, ವಕೀಲರ ಕೈಲಿ ಇರಲ್ಲ, ನಾಳೆ ಯಾವ ಹಾಲಲ್ಲಿ ಎಷ್ಟನೇ ನಂಬರು ಅಂತ ಹಿಂದಿನ ದಿನ ಗೊತ್ತಾಗೋದೂ ಉಂಟು. ಎರಡೂ ಕಡೆ ಬೇರೆಯೋರು ಬರೆದ ವೇಳಾಪಟ್ಟಿ, ಎರಡೂ ಕಡೆ ಕಾಯಿಸೋದು ಜಾಸ್ತಿ ಕೆಲಸ ಕಮ್ಮಿ. ಸೆಟ್ಟಲ್ಲಿ ನಾಯಕಿ ತಡವಾಗಿ ಬಂದ್ರೆ ನಿರ್ಮಾಪಕನಿಗೆ ದುಡ್ಡು ಹೋಗತ್ತೆ, ಕೋರ್ಟಲ್ಲಿ ವಕೀಲೆ ಬರದಿದ್ರೆ ಹಾಜರಿಲ್ಲ ಅಂತ ಕೇಸೇ ವಜಾ ಆಗಬಹುದು, ಅನುಭವಿಸೋನು ಕಕ್ಷಿದಾರ.

ಮೊದಲ ಮೂರ್ನಾಲ್ಕು ವರ್ಷ ಅಂತೂ ಜೂನಿಯರ್ ಬದುಕು. ಬೆಳಿಗ್ಗೆ ಸೀನಿಯರ್ ಆಫೀಸಿಗೆ ಹೋಗಿ ಫೈಲ್ ಎತ್ಕೊಂಡು ಬರೋದು, ಸಿಟಿ ಸಿವಿಲ್ ಕೋರ್ಟಲ್ಲಿ ಒಂದು ಹಾಲಿಂದ ಇನ್ನೊಂದು ಹಾಲಿಗೆ ಓಡೋದು, ನಂಬರ್ ಕೂಗಿದಾಗ ಸೀನಿಯರ್ ಬೇರೆ ಹಾಲಲ್ಲಿದಾರೆ ಪಾಸ್ ಓವರ್ ಕೊಡಿ, ಅಂದ್ರೆ ಸ್ವಲ್ಪ ಹೊತ್ತು ಬಿಟ್ಟು ಕೂಗಿ, ಅಂತ ಕೇಳೋದು, ಆಫೀಸ್ ಆಕ್ಷೇಪಣೆ ಸರಿಪಡಿಸೋಕೆ ಫೈಲಿಂಗ್ ಕೌಂಟರಲ್ಲಿ ನಿಲ್ಲೋದು, ಸಂಜೆ ಮತ್ತೆ ಆಫೀಸಲ್ಲಿ ಡ್ರಾಫ್ಟು. 2024ರ ಅಕ್ಟೋಬರಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಆದ್ರೂ ಕೊಡಿ ಅಂತ ಸಲಹೆ ಕೊಟ್ಟಿದೆ, ಸಲಹೆ ಮಾತ್ರ, ಕಡ್ಡಾಯ ಇಲ್ಲ. ದುಡ್ಡು ನಟಿಗೆ ಸಮಸ್ಯೆ ಆಗದೇ ಇರಬಹುದು, ಉಳಿತಾಯ ಇರತ್ತೆ. ಮನೆಬಾಡಿಗೆ ಕಟ್ಟೋಕೂ ಕಷ್ಟ ಪಡೋ ಮೊದಲ ತಲೆಮಾರಿನ ಜೂನಿಯರ್‌ಗೆ ಹೋಲಿಸಿದ್ರೆ ಅವ್ರ ನಿಜವಾದ ಅನುಕೂಲ ಇದೇ, ಸಂಪಾದನೆ ಇಲ್ಲದೆ ನಾಲ್ಕು ವರ್ಷ ತಾಳೋ ಶಕ್ತಿ.

ಹೆಸರಿದೆ, ಬಳಸೋ ಹಂಗಿಲ್ಲ

36ನೇ ನಿಯಮ ವಕೀಲರು ಜಾಹೀರಾತು ಮಾಡೋದನ್ನ ತಡೆಯತ್ತೆ. ನೇರವಾಗಿ ಮಾತ್ರ ಅಲ್ಲ, ಪರೋಕ್ಷವಾಗಿ ಕೂಡ: ಸುತ್ತೋಲೆ, ದಲ್ಲಾಳಿ, ಸಂದರ್ಶನ, ಪತ್ರಿಕೇಲಿ ಬರಹ ಬರೆಸೋದು, ತಾನು ನಡೆಸ್ತಿರೋ ಕೇಸಿಗೆ ಸಂಬಂಧಿಸಿ ತನ್ನ ಫೋಟೋ ಹಾಕ್ಸೋದು. ನಾಮಫಲಕ ಕೂಡ ಹದವಾದ ಅಳತೇಲಿ ಇರ್ಬೇಕು, ಅದರಲ್ಲಿ ಹಿಂದೆ ಜಡ್ಜ್ ಆಗಿದ್ದೆ ಅಂತ ಕೂಡ ಬರೆಯೋ ಹಂಗಿಲ್ಲ. ಮಾಜಿ ಜಡ್ಜ್ ಅಂತ ಬರೆಯೋಕೇ ಬಿಡದ ನಿಯಮ ಮಾಜಿ ನಾಯಕಿ ಅಂತ ಬರೆಯೋಕೆ ಬಿಡತ್ತಾ? 2008ರ ತಿದ್ದುಪಡಿ ಆದ್ಮೇಲೆ ವೆಬ್‌ಸೈಟಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಯಾವ ಕ್ಷೇತ್ರದ ಕೇಸು ನೋಡ್ತೀನಿ ಅನ್ನೋ ಮಟ್ಟಿನ ವಿವರ ಹಾಕ್ಬಹುದು. ಅಷ್ಟೇ.

ಇದನ್ನ ಲಕ್ಷಗಟ್ಟಲೆ ಫಾಲೋವರ್ಸ್ ಇರೋ ನಟಿಯ ಇನ್‌ಸ್ಟಾಗ್ರಾಮ್ ಖಾತೆ ಪಕ್ಕ ಇಟ್ಟು ನೋಡಿ. ಸಾಮಾನ್ಯ ವಕೀಲೆ ಇವತ್ತು ಒಂದು ಬೇಲ್ ಕೇಸ್ ಗೆದ್ದೆ ಅಂತ ಹಾಕಿದ್ರೆ ನೋಡೋರು ಇನ್ನೂರು ಜನ, ದೂರು ಕೊಡೋರು ಯಾರೂ ಇಲ್ಲ. ನಟಿ ಅದನ್ನೇ ಹಾಕಿದ್ರೆ ಮಾರನೇ ದಿನ ಪೇಪರಲ್ಲಿ ಬರತ್ತೆ, ಪೇಪರಲ್ಲಿ ಬಂದಿದ್ದೇ ದೂರಿಗೆ ದಾಖಲೆ ಆಗತ್ತೆ. 2025ರ ಮಾರ್ಚಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಸಿನಿಮಾ ನಟರು, ಇನ್‌ಫ್ಲುಯೆನ್ಸರ್‌ಗಳ ಮೂಲಕ ಕಾನೂನು ಸೇವೆಯ ಪ್ರಚಾರ ಮಾಡೋದನ್ನ ಖಂಡಿಸಿ ಹೇಳಿಕೆ ಕೊಟ್ಟಿತ್ತು. ಅಲ್ಲಿ ನಟ ಬೇರೆ, ವಕೀಲ ಬೇರೆ. ಇಬ್ಬರೂ ಒಬ್ಬರೇ ಆದಾಗ ಏನು ಅನ್ನೋದಕ್ಕೆ ಆ ಹೇಳಿಕೇಲಿ ಉತ್ತರ ಇಲ್ಲ.

ಫೋಟೋ ವಿಷಯ ಇನ್ನೂ ಸೂಕ್ಷ್ಮ. ಕೋರ್ಟ್ ಬಿಟ್ಟು ಬೇರೆ ಸಾರ್ವಜನಿಕ ಜಾಗದಲ್ಲಿ ಬ್ಯಾಂಡು, ಗೌನು ಹಾಕ್ಕೊಂಡು ಓಡಾಡೋ ಹಂಗಿಲ್ಲ ಅಂತ ವೃತ್ತಿ ನಡವಳಿಕೆಯ 7ನೇ ನಿಯಮ ಹೇಳತ್ತೆ, ವಿಶೇಷ ಸಮಾರಂಭಗಳಿಗೆ ಮಾತ್ರ ವಿನಾಯ್ತಿ. ಇವತ್ತು ಸನ್ನದು ಸಿಕ್ಕಿದ ಖುಷಿಗೆ ಮಾಡ್ಸೋ ಫೋಟೋಶೂಟ್‌ಗಳು ಈ ನಿಯಮದ ಎಷ್ಟು ಹತ್ರ ಹೋಗ್ತವೆ ಅಂತ ಯಾರೂ ಯೋಚಿಸಿದ ಹಾಗಿಲ್ಲ. ತಮಾಷೆ ಅಂದ್ರೆ ಸನ್ನದು ಇಲ್ಲದ ನಟಿ ಪಾತ್ರಕ್ಕಾಗಿ ಬೀದಿ ಮಧ್ಯೆ ಗೌನ್ ಹಾರಿಸ್ಕೊಂಡು ನಡೆದ್ರೆ ಬಾರ್ ಕೌನ್ಸಿಲ್ ಏನೂ ಮಾಡೋಕಾಗಲ್ಲ, ಸನ್ನದು ಇರೋರು ಅದನ್ನೇ ಮಾಡಿದ್ರೆ ನೋಟಿಸ್ ಬರಬಹುದು. ತಪ್ಪು ಸಾಬೀತಾದ್ರೆ 35ನೇ ಸೆಕ್ಷನ್ನಡಿ ಛೀಮಾರಿಯಿಂದ ಹಿಡಿದು ಸಸ್ಪೆನ್ಷನ್, ಪಟ್ಟಿಯಿಂದ ಹೆಸರು ತೆಗೆಯೋ ತನಕ ಶಿಕ್ಷೆ ಇದೆ.

ಹಾಗಂತ ಹೆಸರಿಂದ ಕೇಸು ಬರಲ್ಲ ಅಂತಲ್ಲ, ಬರತ್ತೆ. ಟಿವಿಲಿ ನೋಡಿದೀವಿ ಮೇಡಂ ಅಂತ ಜನ ಹುಡ್ಕೊಂಡು ಬರೋದನ್ನ ಯಾವ ನಿಯಮನೂ ತಡೆಯಲ್ಲ. ಆದ್ರೆ ಹಾಗೆ ಬಂದೋರು ಮೂರು ವರ್ಷದ ಅನುಭವ ಇರೋ ವಕೀಲೆ ಹತ್ರ ಮೂವತ್ತು ವರ್ಷದ ಅನುಭವಕ್ಕೆ ತಕ್ಕ ನಿರೀಕ್ಷೆ ಇಟ್ಕೊಂಡು ಬರ್ತಾರೆ, ಒಂದು ಕೇಸ್ ಸೋತ್ರೂ ಅದು ಸುದ್ದಿ. ಬೇರೆ ಜೂನಿಯರ್‌ಗಳಿಗೆ ತಪ್ಪು ಮಾಡಿ ಕಲಿಯೋಕೆ ಯಾರೂ ನೋಡದ ಮೂಲೆ ಸಿಗತ್ತೆ, ನಟಿಗೆ ಆ ಮೂಲೆ ಸಿಗಲ್ಲ.

ಜಡ್ಜ್ ಆಗೋ ಲೆಕ್ಕ

ಇಲ್ಲೊಂದು ವಿಚಿತ್ರ ಇದೆ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಸಿವಿಲ್ ಜಡ್ಜ್ ಪರೀಕ್ಷೆಗೆ ಕನಿಷ್ಠ ಮೂರು ವರ್ಷ ಪ್ರಾಕ್ಟೀಸ್ ಬೇಕು ಅನ್ನೋ ನಿಯಮವನ್ನ ವಾಪಸ್ ತಂತು. ನಮ್ಮ ರಾಜ್ಯದಲ್ಲಿ ಆ ಹುದ್ದೆಗೆ ಸಾಮಾನ್ಯ ವರ್ಗದ ವಯೋಮಿತಿ 35. ಮೂವತ್ತಕ್ಕೆ ಸಿನಿಮಾ ಬಿಟ್ಟ ನಟಿ ಎಲ್‌ಎಲ್‌ಬಿ ಮುಗಿಸೋ ಹೊತ್ತಿಗೆ 33, ಮೂರು ವರ್ಷ ಪ್ರಾಕ್ಟೀಸ್ ಸೇರಿದ್ರೆ 36. ಬಾಗಿಲು ಮುಚ್ಚಿತು. ಆದ್ರೆ ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಗೆ ಏಳು ವರ್ಷ ಪ್ರಾಕ್ಟೀಸ್ ಸಾಕು, ವಯಸ್ಸು ಸಾಮಾನ್ಯ ವರ್ಗಕ್ಕೆ 45ರ ತನಕ, ಅದೇ ನಟಿ ನಲವತ್ತು ನಲವತ್ತೊಂದಕ್ಕೆ ಅರ್ಹ ಆಗ್ತಾರೆ. ಕೆಳಗಿನ ಮೆಟ್ಟಿಲು ಇಲ್ಲ, ಮೇಲಿನ ಮೆಟ್ಟಿಲು ಇದೆ! ಇದು ನಟಿಯರಿಗೆ ಮಾತ್ರ ಅಲ್ಲ, ಮೂವತ್ತರ ಆಸುಪಾಸಲ್ಲಿ ಕಾನೂನು ಓದೋಕೆ ಬರೋ ಎಲ್ಲರಿಗೂ ಇದೇ ಲೆಕ್ಕ, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಓದೋಕೆ ಬರೋ ಹೆಣ್ಣುಮಕ್ಕಳಿಗೆ ಹೆಚ್ಚು ತಟ್ಟತ್ತೆ. ಅನುಭವದ ಮಿತಿ ಏರಿಸಿದಾಗ ವಯಸ್ಸಿನ ಮಿತಿ ಹಾಗೇ ಬಿಟ್ರೆ ಆಗೋದು ಇದೇ.

ಕೋರ್ಟೇ ಬೇಡ, ಒಂದು ಕಂಪನಿಲಿ ಲೀಗಲ್ ಹೆಡ್ ಆಗ್ತೀನಿ ಅಂದ್ರೆ? ಆಗಬಹುದು, ಆಗ ಅವ್ರು ಸಂಬಳದ ಉದ್ಯೋಗಿ, ಪ್ರಾಕ್ಟೀಸ್ ಮಾಡೋ ಅಡ್ವೊಕೇಟ್ ಅಲ್ಲ. ಕಕ್ಷಿದಾರರ ಜೊತೆಗಿನ ಮಾತುಕತೆ ಗೋಪ್ಯ ಅನ್ನೋ ರಕ್ಷಣೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಸೆಕ್ಷನ್ನಡಿ ಇಂಥೋರಿಗೆ ಸಿಗಲ್ಲ ಅಂತ 2025ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ.

ಸಿನಿಮಾದ ಕೇಸೇ ತಗೊಂಡ್ರೆ

ನಟಿ ವಕೀಲೆಯಾಗಿ ನಿಜಕ್ಕೂ ಬೇರೆಯೋರಿಗಿಂತ ಮುಂದೆ ಇರೋ ಜಾಗ ಒಂದಿದ್ರೆ ಅದು ಇದೇ. ಸಂಭಾವನೆ ಬಾಕಿ, ಅರ್ಧಕ್ಕೆ ನಿಂತ ಸಿನಿಮಾ, ಡಬ್ಬಿಂಗ್ ಮಾಡದೆ ಹೋದೋರ ಮೇಲಿನ ದೂರು, ಒಪ್ಪಂದದಲ್ಲಿ ಇಲ್ಲದ ದೃಶ್ಯ ಮಾಡು ಅನ್ನೋ ಒತ್ತಾಯ, ಇವೆಲ್ಲ ಕಾಗದದಲ್ಲಿ ಒಂಥರ, ಸೆಟ್ಟಲ್ಲಿ ಇನ್ನೊಂಥರ ಇರತ್ತೆ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ಕಲಾವಿದರ ಪ್ರದರ್ಶನಕ್ಕೂ ವಾಣಿಜ್ಯ ಬಳಕೆಯಲ್ಲಿ ರಾಯಧನದ ಮಾತು ಎತ್ತಿದೆ, ಅದನ್ನ ಓದಿ ಒಪ್ಪಂದಕ್ಕೆ ಸಹಿ ಹಾಕೋ ಕಲಾವಿದರು ಎಷ್ಟು ಜನ? ಕೇರಳದಲ್ಲಿ ಸಿನಿಮಾರಂಗದ ಹೆಣ್ಣುಮಕ್ಕಳ ಸ್ಥಿತಿ ಬಗ್ಗೆ ನ್ಯಾ. ಹೇಮಾ ಸಮಿತಿ ಕೊಟ್ಟ ವರದಿ 2019ರ ಕೊನೇಲಿ ಸರ್ಕಾರದ ಕೈ ಸೇರಿ 2024ರ ಆಗಸ್ಟ್ ತನಕ ಹೊರಗೆ ಬರಲಿಲ್ಲ, ಬಂದ್ಮೇಲೆ ನಮ್ಮಲ್ಲೂ ಕನ್ನಡ ಚಿತ್ರರಂಗದವರದ್ದೇ ಆದ ಫೈರ್ ಸಂಘಟನೆಯೋರು ಅಂಥದ್ದೇ ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ರು. ದೂರು ಕೊಡೋಕೆ ಬರೋ ಜೂನಿಯರ್ ಆರ್ಟಿಸ್ಟ್‌ಗೆ ಕ್ಯಾರವಾನ್ ಅಂದ್ರೇನು, ಕೋಆರ್ಡಿನೇಟರ್ ಅಂದ್ರೇನು ಅಂತ ವಿವರಿಸೋ ಕಷ್ಟ ಇಲ್ಲದ ವಕೀಲೆ ಸಿಕ್ಕಿದ್ರೆ ಅರ್ಧ ಭಾರ ಇಳಿದ ಹಾಗೆ.

ಆದ್ರೆ ಇಲ್ಲೂ ಒಂದು ಗೆರೆ ಇದೆ. ತಾನೇ ಸಾಕ್ಷಿ ಆಗೋ ಸಾಧ್ಯತೆ ಇರೋ ಕೇಸನ್ನ ವಕೀಲರು ತಗೊಳ್ಳೋ ಹಂಗಿಲ್ಲ, ಬಾರ್ ಕೌನ್ಸಿಲ್ ನಿಯಮ 13. ತಾನು ನಟಿಸಿದ್ದ ಸಿನಿಮಾದ ಗಲಾಟೆ, ತಾನು ಆ ದಿನ ಸೆಟ್ಟಲ್ಲಿದ್ದ ಘಟನೆ, ತನಗೂ ಬಾಕಿ ಇಟ್ಟಿರೋ ನಿರ್ಮಾಪಕನ ವಿರುದ್ಧದ ದಾವೆ, ಇವೆಲ್ಲ ಕೈ ಬಿಡಬೇಕಾಗತ್ತೆ. ಕನ್ನಡದಂಥ ಎಲ್ಲರಿಗೂ ಎಲ್ಲರೂ ಗೊತ್ತಿರೋ ಚಿತ್ರರಂಗದಲ್ಲಿ ಹತ್ತು ವರ್ಷ ಕೆಲಸ ಮಾಡಿದೋರಿಗೆ ಹೀಗೆ ಬಿಟ್ಟು ಉಳಿಯೋ ಕೇಸುಗಳು ಮೊದಮೊದಲು ಕಮ್ಮಿನೇ, ತಾವು ಸಿನಿಮಾ ಬಿಟ್ಟ ಮೇಲೆ ಬಂದ ಹೊಸ ಹುಡುಗಿಯರ ಒಪ್ಪಂದಗಳು ಜಗಳಕ್ಕೆ ಬಂದು ನಿಲ್ಲೋ ತನಕ ಚೆಕ್ ಬೌನ್ಸು, ಬಾಡಿಗೆ ತಕರಾರು, ಫ್ಯಾಮಿಲಿ ಕೋರ್ಟ್ ಕೇಸುಗಳಲ್ಲೇ ಕೈ ಪಳಗಿಸ್ಕೊಬೇಕು.